ಕುಂಬಿಯ ವಿಧಿಯೂ ತಂದೆಯ ಬಾಗಿಲೂ: ಮಾನವಜೀವದ ಪಾವಿತ್ರ್ಯವನ್ನು ಕುರಿತ ಬೈಬಲ್ಲಿನ ಬೋಧೆಯ ಅನ್ವಯ

೧

ಮಾನವಜೀವವು ಪವಿತ್ರವೆಂಬ ಮಾತು ಇಂದು ದೇವಾಲಯದ ಉಪದೇಶದಲ್ಲಿಯೂ ನ್ಯಾಯಾಲಯದ ತೀರ್ಪಿನಲ್ಲಿಯೂ ಒಂದೇ ರೀತಿಯಾಗಿ ಕೇಳಿಬರುತ್ತದೆ. ಈ ತತ್ತ್ವಕ್ಕೆ ಬೈಬಲ್ಲನ್ನು ಆಧಾರವಾಗಿ ತೋರಿಸುವವರು ಸಾಮಾನ್ಯವಾಗಿ ಎರಡು ಸ್ಥಳಗಳನ್ನು ಎತ್ತಿಕೊಳ್ಳುತ್ತಾರೆ: ಮನುಷ್ಯನು ದೇವರ ಸ್ವರೂಪದಲ್ಲಿ ಸೃಷ್ಟಿಯಾದನೆಂದು ಹೇಳುವ ಆದಿಕಾಂಡದ ಮೊದಲನೆಯ ಅಧ್ಯಾಯ ಒಂದು, ನರಹತ್ಯೆಯನ್ನು ನಿಷೇಧಿಸುವ ದಶಾಜ್ಞೆಗಳ ವಿಧಿ ಇನ್ನೊಂದು. ಇವೆರಡನ್ನು ಹೇಳಿದರೆ ಬೋಧೆಯು ಪೂರ್ಣವಾಯಿತೆಂಬ ಭಾವನೆ ಬೆಳೆದುಬಂದಿದೆ. ಇದರ ಪರಿಣಾಮವಾಗಿ, ತಾನು ಯಾರನ್ನೂ ಕೊಂದವನಲ್ಲವೆಂದು ನಂಬಿರುವ ಗೃಹಸ್ಥನು ಈ ಬೋಧೆ ಕೊಲೆಗಾರರಿಗೆ ಸಂಬಂಧಿಸಿದ್ದು, ತನಗಲ್ಲ ಎಂದು ನಿಶ್ಚಿಂತನಾಗಿರುತ್ತಾನೆ. ಈ ನಿಶ್ಚಿಂತೆಗೆ ಮೂಲಗ್ರಂಥದಲ್ಲಿ ಅವಕಾಶವಿದೆಯೇ ಎಂಬುದು ನಮ್ಮ ಮೊದಲನೆಯ ಪ್ರಶ್ನೆ.

ಎರಡನೆಯ ಪ್ರಶ್ನೆ ಇದಕ್ಕಿಂತ ಕಠಿಣವಾದುದು. ಜೀವವನ್ನು ಕಾಪಾಡೆಂದು ವಿಧಿಸುವ ಅದೇ ಗ್ರಂಥ, ಅದೇ ಅಧ್ಯಾಯದಲ್ಲಿ, ಮನೆತನಕ್ಕೆ ಕಳಂಕ ತಂದ ಮಗಳನ್ನು ಕಲ್ಲೆಸೆದು ಕೊಲ್ಲಬೇಕೆಂದೂ ವಿಧಿಸುತ್ತದೆ. ಹೀಗಿರುವಲ್ಲಿ, ಬೈಬಲ್ಲಿನ ಬೋಧೆಯನ್ನು ಇಂದಿಗೆ ಅನ್ವಯಿಸುವುದೆಂದರೆ ಏನು? ಯಾವುದನ್ನು ಅನ್ವಯಿಸಬೇಕು, ಯಾವುದನ್ನು ಬಿಡಬೇಕು, ಹಾಗೆ ಬಿಡುವ ಅಧಿಕಾರ ಎಲ್ಲಿಂದ ಬಂತು?

ನಾವು ಧರ್ಮಶಾಸ್ತ್ರಜ್ಞರಲ್ಲ, ಇತಿಹಾಸದ ಅಭ್ಯಾಸಿಗಳು. ಆದಕಾರಣ ಈ ಪ್ರಶ್ನೆಗಳನ್ನು ಗ್ರಂಥದ ಇತಿಹಾಸದ ಮೂಲಕವೂ ನಮ್ಮ ಕಣ್ಣೆದುರಿನ ಒಂದು ಪ್ರದೇಶದ ಮೂಲಕವೂ ನೋಡಲು ಇಚ್ಛಿಸುತ್ತೇವೆ. ಆ ಪ್ರದೇಶ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಎಂಬ ನಾಲ್ಕು ಹಳೆಯ ತಾಲ್ಲೂಕುಗಳು. ಇವುಗಳಿಂದಲೇ ಇತ್ತೀಚಿನ ವರ್ಷಗಳಲ್ಲಿ ಚಡಚಣ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ ಮೊದಲಾದ ಹೊಸ ತಾಲ್ಲೂಕುಗಳು ಒಡೆದಿವೆ. ಇಲ್ಲಿ ಕ್ರೈಸ್ತರ ಸಂಖ್ಯೆ ಅಲ್ಪ. ೧೯ನೆಯ ಶತಮಾನದಲ್ಲಿ ಬಾಸೆಲ್ ಮಿಶನ್ನಿನವರು ಗುಳೇದಗುಡ್ಡ, ವಿಜಯಪುರಗಳಲ್ಲಿ ನೆಲೆಮಾಡಿದರೂ ಈ ಹಳ್ಳಿಗಳಲ್ಲಿ ಅವರ ಪ್ರಭಾವ ಹೆಚ್ಚಾಗಲಿಲ್ಲ. ಆದರೂ ಈ ಪ್ರದೇಶವನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಧರ್ಮೋಪದೇಶಕಾಂಡದ ೨೨ನೆಯ ಅಧ್ಯಾಯದಲ್ಲಿ ಎದುರುಬದುರಾಗಿ ನಿಂತಿರುವ ಎರಡು ವಿಧಿಗಳ ವಿಷಯ ಇಲ್ಲಿ ಕಳೆದ ಕೆಲವು ವರ್ಷಗಳಲ್ಲಿ ಪ್ರತ್ಯಕ್ಷ ಘಟನೆಗಳಾಗಿ ಬಂದಿದೆ.

೨

ಮೊದಲು ಆ ಅಧ್ಯಾಯದ ೮ನೆಯ ವಚನವನ್ನು ನೋಡೋಣ. ಅದರ ತಾತ್ಪರ್ಯವಿಷ್ಟು: ಹೊಸ ಮನೆಯನ್ನು ಕಟ್ಟುವವನು ಅದರ ಮಾಳಿಗೆಯ ಅಂಚಿಗೆ ಕುಂಬಿಯನ್ನು ಕಟ್ಟಬೇಕು, ಇಲ್ಲವಾದರೆ ಯಾವನಾದರೂ ಅಲ್ಲಿಂದ ಬಿದ್ದು ಸತ್ತಾಗ ರಕ್ತಾಪರಾಧವು ಆ ಮನೆಯ ಮೇಲೆ ಬರುತ್ತದೆ. ಪಾಲೆಸ್ತೀನದ ಮನೆಗಳಂತೆಯೇ ವಿಜಯಪುರ ಸೀಮೆಯ ಹಳೆಯ ಮನೆಗಳದೂ ಸಮತಟ್ಟಾದ ಮಣ್ಣಿನ ಮಾಳಿಗೆ. ಬೇಸಗೆಯ ರಾತ್ರಿ ಅದರ ಮೇಲೆ ಮಲಗುವುದು, ಕಾಳು ಒಣಹಾಕುವುದು ಇಲ್ಲಿನವರಿಗೆ ವಾಡಿಕೆ. ಆದ್ದರಿಂದ ಈ ವಿಧಿಯ ಅರ್ಥವನ್ನು ಇಲ್ಲಿಯ ರೈತನಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ವಿಧಿಯಲ್ಲಿ ಮೂರು ಅಂಶಗಳು ಗಮನಾರ್ಹವಾಗಿವೆ. ಮೊದಲನೆಯದಾಗಿ, ಇಲ್ಲಿ ಯಾರೂ ಯಾರನ್ನೂ ತಳ್ಳಿಲ್ಲ, ದ್ವೇಷವಿಲ್ಲ, ಆಯುಧವಿಲ್ಲ. ಹೀಗಿದ್ದರೂ ಮೂಲದಲ್ಲಿ ಬಳಸಿರುವ ಹೀಬ್ರೂ ಶಬ್ದ ‘ದಾಮೀಮ್’. ಎಂದರೆ ‘ರಕ್ತಗಳು’ ಎಂಬ ಬಹುವಚನ. ಕಾಯಿನನು ತಮ್ಮನನ್ನು ಕೊಂದ ಆದಿಕಾಂಡದ ಕಥೆಯಲ್ಲಿ ನೆಲದಿಂದ ಕೂಗುವ ರಕ್ತಕ್ಕೂ ಇದೇ ಬಹುವಚನವಿದೆ. ಎಂದಮೇಲೆ, ಕುಂಬಿ ಕಟ್ಟದೆ ಬಿಟ್ಟ ಅಲಕ್ಷ್ಯವನ್ನು ಶಾಸನಕಾರನು ಕೊಲೆಯ ಭಾಷೆಯಲ್ಲಿಯೇ ವರ್ಣಿಸಿದ್ದಾನೆ. ಎರಡನೆಯದಾಗಿ, ವಿಧಿಯು ಸಾವು ಸಂಭವಿಸಿದ ಮೇಲೆ ಶಿಕ್ಷೆಯನ್ನು ಹೇಳುವುದಿಲ್ಲ. ಮನೆ ಕಟ್ಟುವಾಗಲೇ ಮಾಡಬೇಕಾದ ಕೆಲಸವನ್ನು ಹೇಳುತ್ತದೆ. ಮೂರನೆಯದಾಗಿ, ಬೀಳುವವನು ಯಾರೆಂಬುದನ್ನು ಅದು ವಿಚಾರಿಸುವುದಿಲ್ಲ. ಮನೆಯವನೋ ಅತಿಥಿಯೋ ಆಳೋ ಪರದೇಶಿಯೋ ಎಂಬ ಭೇದ ಇಲ್ಲಿಲ್ಲ.

ಇದರೊಡನೆ ವಿಮೋಚನಕಾಂಡದ ೨೧ನೆಯ ಅಧ್ಯಾಯದ ಕೊನೆಯಲ್ಲಿರುವ ಗುಂಡಿಯ ವಿಧಿಯನ್ನೂ ಓದಬೇಕು. ಒಬ್ಬನು ಗುಂಡಿಯನ್ನು ತೆರೆದೋ ತೋಡಿಯೋ ಮುಚ್ಚದೆ ಬಿಟ್ಟಾಗ ಅದರಲ್ಲಿ ಎತ್ತಾಗಲಿ ಕತ್ತೆಯಾಗಲಿ ಬಿದ್ದು ಸತ್ತರೆ ಗುಂಡಿಯವನು ಅದರ ಬೆಲೆ ತೆರಬೇಕು. ಇಲ್ಲಿ ಹೇಳಿರುವುದು ಪಶುಗಳನ್ನು ಮಾತ್ರ. ಕ್ರಿ.ಶ. ೨೦೦ರ ಸುಮಾರಿಗೆ ಸಂಕಲಿತವಾದ ಯೆಹೂದ್ಯರ ಮಿಶ್ನಾದಲ್ಲಿ, ‘ಬಾವಾ ಕಮ್ಮಾ’ ಎಂಬ ಭಾಗದ ೫ನೆಯ ಅಧ್ಯಾಯವು ಈ ಅಕ್ಷರಾರ್ಥವನ್ನು ಬಿಗಿಯಾಗಿ ಹಿಡಿದು, ಮಗನೋ ಮಗಳೋ ಬಿದ್ದರೆ ಗುಂಡಿಯವನು ಈ ವಿಧಿಯಂತೆ ಬೆಲೆ ತೆರಬೇಕಾಗಿಲ್ಲವೆಂದು ತೀರ್ಮಾನಿಸುತ್ತದೆ. ನಮಗೆ ಇದು ಕ್ರೂರವಾಗಿ ಕಾಣುವುದು ಸಹಜ. ಆದರೆ ಅದೇ ಸ್ಥಳದಲ್ಲಿ ಇನ್ನೊಂದು ಸೂಕ್ಷ್ಮ ವಿಚಾರವಿದೆ: ಇಬ್ಬರು ಪಾಲುದಾರರ ಗುಂಡಿಯ ಪಕ್ಕದಲ್ಲಿ ಮೊದಲನೆಯವನು ಮುಚ್ಚದೆ ಹಾದುಹೋಗಿ, ಆಮೇಲೆ ಎರಡನೆಯವನೂ ಮುಚ್ಚದೆ ಹಾದುಹೋದರೆ, ಕಟ್ಟಕಡೆಗೆ ಕಂಡು ಬಿಟ್ಟವನ ಮೇಲೆ ಹೊಣೆ ನಿಲ್ಲುತ್ತದೆ. ಕಂಡೂ ಮುಚ್ಚದೆ ಹೋಗುವುದೇ ದೋಷವೆಂಬ ಭಾವನೆ ಇಲ್ಲಿ ಸ್ಪಷ್ಟವಾಗಿದೆ.

ಪಶುವಿಗೂ ಮನುಷ್ಯನಿಗೂ ನಡುವೆ ಉಳಿದ ಈ ತೆರಪನ್ನು ಪರಂಪರೆ ಹಾಗೆಯೇ ಬಿಡಲಿಲ್ಲ. ೧೨೦೪ರಲ್ಲಿ ತೀರಿಕೊಂಡ ಮಹಾಪಂಡಿತ ಮೈಮೋನಿಡೀಸನು ತನ್ನ ಧರ್ಮಸಂಹಿತೆಯಲ್ಲಿ ಕೊಲೆಯ ವಿಷಯವನ್ನೂ ಪ್ರಾಣರಕ್ಷಣೆಯ ವಿಷಯವನ್ನೂ ಒಂದೇ ಪ್ರಕರಣದಲ್ಲಿ ಸೇರಿಸಿದನು. ಕುಂಬಿಯ ವಿಧಿಯು ಮಾಳಿಗೆಗೆ ಮಾತ್ರ ಸೀಮಿತವಲ್ಲ, ಮನುಷ್ಯನ ಪ್ರಾಣಕ್ಕೆ ಅಪಾಯವಿರುವ ಎಲ್ಲ ಸ್ಥಳಕ್ಕೂ ಅನ್ವಯಿಸುತ್ತದೆಂದು ಅಲ್ಲಿ ಹೇಳಿದ್ದಾನೆ. ಅವನು ಕೊಡುವ ಮೊದಲ ಉದಾಹರಣೆ ಅಂಗಳದಲ್ಲಿರುವ ಬಾವಿ ಅಥವಾ ಗುಂಡಿ: ಅದರ ಸುತ್ತ ಹತ್ತು ಅಂಗೈಯಗಲದಷ್ಟು ಎತ್ತರದ ಕಟ್ಟೆಯನ್ನು ಕಟ್ಟಬೇಕು, ಇಲ್ಲವೆ ಮುಚ್ಚಳ ಹಾಕಬೇಕು. ಹೀಗೆ ಎತ್ತು ಕತ್ತೆಗಳ ಗುಂಡಿಗೆ ಮನುಷ್ಯನ ಕುಂಬಿ ಬಂದು ಸೇರಿತು.

ಸುವಾರ್ತೆಗಳಲ್ಲಿಯೂ ಇದೇ ಚಲನೆ ಕಾಣುತ್ತದೆ. ಮತ್ತಾಯನ ೧೨ನೆಯ ಅಧ್ಯಾಯದಲ್ಲಿ ಸಬ್ಬತ್ತಿನ ದಿನ ಗುಂಡಿಗೆ ಬಿದ್ದ ಕುರಿಯನ್ನು ಎತ್ತುವವರನ್ನು ಕುರಿತು ಯೇಸು ಮಾತಾಡಿ, ಮನುಷ್ಯನು ಕುರಿಗಿಂತ ಎಷ್ಟೋ ಹೆಚ್ಚಿನವನೆಂದು ವಾದಿಸುತ್ತಾನೆ. ಲೂಕನ ೧೪ನೆಯ ಅಧ್ಯಾಯದಲ್ಲಿ ದೃಷ್ಟಾಂತ ಬಾವಿಯದು. ಅಲ್ಲಿ ಬೀಳುವುದು ಏನೆಂಬ ವಿಷಯದಲ್ಲಿ ಪ್ರಾಚೀನ ಹಸ್ತಪ್ರತಿಗಳಲ್ಲಿ ಪಾಠಭೇದವಿದೆ. ಕೆಲವದರಲ್ಲಿ ‘ಕತ್ತೆಯಾಗಲಿ ಎತ್ತಾಗಲಿ’ ಎಂದಿದ್ದರೆ ಬೇರೆ ಕೆಲವದರಲ್ಲಿ ‘ಮಗನಾಗಲಿ ಎತ್ತಾಗಲಿ’ ಎಂದಿದೆ. ಇಂದಿನ ಪಾಠವಿಮರ್ಶಕರು ಬಹುಮಟ್ಟಿಗೆ ಎರಡನೆಯದನ್ನೇ ಅಂಗೀಕರಿಸುತ್ತಾರೆ. ವಿಮೋಚನಕಾಂಡದ ಪರಿಚಿತ ಜೋಡಿ ಕತ್ತೆ ಮತ್ತು ಎತ್ತು. ಆ ಜೋಡಿಯನ್ನು ಮುರಿದು ಕತ್ತೆಯ ಸ್ಥಾನದಲ್ಲಿ ಮಗನನ್ನು ನಿಲ್ಲಿಸಿದ ಪಾಠ ಹೆಚ್ಚು ಅನಿರೀಕ್ಷಿತವಾದುದು. ಲಿಪಿಕಾರರು ಅದನ್ನು ಪರಿಚಿತ ರೂಪಕ್ಕೆ ತಿದ್ದಿರುವ ಸಂಭವವೇ ಹೆಚ್ಚೆಂದು ನಮಗೂ ತೋರುತ್ತದೆ.

೩

ಈಗ ಇಂಡಿ ತಾಲ್ಲೂಕಿಗೆ ಬರೋಣ. ೨೦೨೪ರ ಏಪ್ರಿಲ್ ೩ರ ಸಂಜೆ ಲಚ್ಯಾಣ ಗ್ರಾಮದಲ್ಲಿ ಸುಮಾರು ಎರಡು ವರ್ಷದ ಗಂಡುಮಗುವೊಂದು ಮನೆಯ ಸಮೀಪದಲ್ಲಿ ಆಡುತ್ತಿದ್ದಾಗ ಮುಚ್ಚದೆ ಇದ್ದ ಕೊಳವೆ ಬಾವಿಗೆ ತಲೆಕೆಳಗಾಗಿ ಬಿದ್ದಿತು. ರಾಷ್ಟ್ರೀಯ ಮತ್ತು ರಾಜ್ಯ ವಿಪತ್ತು ಪಡೆಗಳವರು, ಅಗ್ನಿಶಾಮಕ ದಳದವರು, ಪೊಲೀಸರು, ಗ್ರಾಮಸ್ಥರು ಸೇರಿ, ಬಾವಿಯ ಪಕ್ಕದಲ್ಲಿ ಸಮಾನಾಂತರವಾಗಿ ಗುಂಡಿ ತೋಡಿ, ಬಂಡೆಯನ್ನು ಕೊರೆದು, ಸುಮಾರು ೨೦ ಗಂಟೆಗಳ ತರುವಾಯ ಮರುದಿನ ಮಧ್ಯಾಹ್ನ ಮಗುವನ್ನು ಜೀವಸಹಿತ ಹೊರತೆಗೆದರು. ನಾಡೆಲ್ಲ ನಿಟ್ಟುಸಿರುಬಿಟ್ಟಿತು. ಇದಕ್ಕೆ ಹತ್ತು ವರ್ಷ ಮೊದಲು, ೨೦೧೪ರ ಜೂನ್ ತಿಂಗಳಲ್ಲಿ, ಇದೇ ಜಿಲ್ಲೆಯ ನಾಗಠಾಣದಲ್ಲಿ ಬಿದ್ದ ನಾಲ್ಕು ವರ್ಷದ ಬಾಲೆ ಬದುಕಿ ಬರಲಿಲ್ಲ.

ಲಚ್ಯಾಣದ ಘಟನೆಯನ್ನು ಪವಾಡವೆಂದು ಕೊಂಡಾಡಿದವರು ಬಹಳ. ಕೊಂಡಾಡುವುದು ತಪ್ಪಲ್ಲ, ಲೂಕನ ದೃಷ್ಟಾಂತದ ಮಗನನ್ನು ಎತ್ತುವ ಕೈಗಳೇ ಅಲ್ಲಿ ದುಡಿದವು. ಆದರೆ ಕುಂಬಿಯ ವಿಧಿ ಕೇಳುವ ಪ್ರಶ್ನೆ ಅದಕ್ಕೂ ಹಿಂದಿನ ದಿನದ್ದು. ಕೊಳವೆ ಬಾವಿ ಏಕೆ ಬಾಯಿ ತೆರೆದು ಉಳಿಯುತ್ತದೆ? ಇಂಡಿ ಸೀಮೆ ನಿಂಬೆಯ ತೋಟಗಳಿಗೆ ಹೆಸರಾದುದು. ಮಳೆ ಕಡಿಮೆ; ಕಪ್ಪುಮಣ್ಣಿನ ಕೆಳಗೆ ಗಟ್ಟಿಯಾದ ಕರಿಕಲ್ಲಿನ ಪದರ; ಅದರ ಬಿರುಕುಗಳಲ್ಲಿ ಮಾತ್ರ ನೀರು. ರೈತನು ಸಾಲ ಮಾಡಿ ಕೊರೆಸುತ್ತಾನೆ. ನೀರು ಬೀಳದಿದ್ದರೆ, ಮೇಲಿನ ಸಡಿಲ ಮಣ್ಣು ಕುಸಿಯದಂತೆ ಇಳಿಸಿದ್ದ ಕೇಸಿಂಗ್ ಪೈಪನ್ನಾದರೂ ಉಳಿಸಿಕೊಳ್ಳೋಣವೆಂದು ಅದನ್ನು ಕಿತ್ತುಕೊಳ್ಳುವುದುಂಟು. ಆಗ ಹೊಲದಲ್ಲಿ ಉಳಿಯುವುದು ಒಂದು ಗೇಣು ಅಗಲದ, ನೂರಾರು ಅಡಿ ಆಳದ ರಂಧ್ರ. ಯಾರಿಗೂ ಕೇಡು ಬಯಸದ, ಆದರೆ ಕೈಸೋತ ಮನುಷ್ಯನ ಕೆಲಸವದು. ಅದನ್ನು ಮುಚ್ಚಲು ಬೇಕಾದುದು ಒಂದು ಮುಚ್ಚಳ, ಇಲ್ಲವೆ ಕೆಲವು ಬುಟ್ಟಿ ಮಣ್ಣು ಕಲ್ಲು.

ಸರ್ವೋಚ್ಚ ನ್ಯಾಯಾಲಯವು ೨೦೧೦ರ ಫೆಬ್ರುವರಿ ೧೧ರಂದು ಈ ವಿಷಯದಲ್ಲಿ ನಿರ್ದೇಶಗಳನ್ನು ಕೊಟ್ಟು, ಅದೇ ವರ್ಷದ ಆಗಸ್ಟಿನಲ್ಲಿ ಅವನ್ನು ಪರಿಷ್ಕರಿಸಿತು. ಅವುಗಳ ಪ್ರಕಾರ ಕೊರೆಸುವ ೧೫ ದಿನಗಳ ಮೊದಲು ಭೂಮಾಲೀಕನು ಬರೆದು ತಿಳಿಸಬೇಕು. ಕೆಲಸ ನಡೆಯುವಾಗ ಮುಳ್ಳುತಂತಿಯ ಬೇಲಿಯೂ ಎಚ್ಚರಿಕೆಯ ಫಲಕವೂ ಇರಬೇಕು. ಪೈಪಿನ ಸುತ್ತ ನೆಲದ ಮೇಲೆ ೦.೩೦ ಮೀಟರ್, ನೆಲದೊಳಗೆ ೦.೩೦ ಮೀಟರ್ ಕಾಂಕ್ರೀಟ್ ಕಟ್ಟೆ ಇರಬೇಕು. ಬಾಯಿಗೆ ಉಕ್ಕಿನ ತಗಡನ್ನು ಬೆಸೆಯಬೇಕು ಅಥವಾ ಬೋಲ್ಟು ಹಾಕಿ ಭದ್ರಪಡಿಸಬೇಕು. ಕೈಬಿಟ್ಟ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ತುಂಬಬೇಕು. ಮೈಮೋನಿಡೀಸನು ಹೇಳಿದ ‘ಕಟ್ಟೆ ಇಲ್ಲವೆ ಮುಚ್ಚಳ’ ಎಂಬ ಎರಡು ಉಪಾಯಗಳೇ ಇಲ್ಲಿ ಮೀಟರಿನ ಲೆಕ್ಕದಲ್ಲಿ ಬಂದಿವೆ. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾವು ಹೇಳುವುದಿಲ್ಲ. ಒಂದೇ ಅಪಾಯವನ್ನು ಒಂದೇ ಕಾಳಜಿಯಿಂದ ನೋಡಿದವರು ಒಂದೇ ತೀರ್ಮಾನಕ್ಕೆ ಬಂದಿದ್ದಾರೆ. ವಿಧಿಯಿದ್ದೂ ೧೪ ವರ್ಷಗಳ ಮೇಲೆ ಲಚ್ಯಾಣದ ಬಾವಿ ತೆರೆದಿತ್ತೆಂದರೆ, ಕೊರತೆ ಶಾಸನದ್ದಲ್ಲ, ಕಂಡು ಮುಚ್ಚದೆ ಹಾದುಹೋದ ನಮ್ಮೆಲ್ಲರದು. ಕೊರೆಯುವ ಲಾರಿಯವರು, ನೆರೆಹೊಲದವರು, ಪಂಚಾಯತಿಯವರು ಎಲ್ಲರೂ ಮಿಶ್ನಾದ ಪಾಲುದಾರರಂತೆ ಆ ದಾರಿಯಲ್ಲಿ ಹಾದುಹೋಗುವವರೇ.

೪

ಇಷ್ಟರವರೆಗೆ ಗ್ರಂಥದ ಅನ್ವಯ ಸುಗಮವಾಗಿದೆ. ಇನ್ನು ಅದೇ ಅಧ್ಯಾಯದ ೧೩ರಿಂದ ೨೧ರವರೆಗಿನ ವಚನಗಳನ್ನು ನೋಡಬೇಕು. ಮದುವೆಯಾದ ಹೆಣ್ಣಿನ ಕನ್ಯತ್ವವನ್ನು ಗಂಡನು ಸಂಶಯಿಸಿದಾಗ, ಆರೋಪ ಸುಳ್ಳಾದರೆ ಅವನಿಗೆ ದಂಡನೆ. ನಿಜವಾದರೆ ಅವಳನ್ನು ತಂದೆಯ ಮನೆಯ ಬಾಗಿಲಿಗೆ ತಂದು ಊರಿನ ಗಂಡಸರು ಕಲ್ಲೆಸೆದು ಕೊಲ್ಲಬೇಕು. ಅವಳ ಅಪರಾಧವು ತಂದೆಯ ಮನೆಯನ್ನು ಕುರಿತದ್ದೆಂದು ಅಲ್ಲಿ ಕಾರಣ ಕೊಟ್ಟಿದೆ.

ಎರಡು ವಿಧಿಗಳ ಕೇಂದ್ರದಲ್ಲಿಯೂ ‘ಮನೆ’ ಎಂಬ ಶಬ್ದವೇ ಇದೆ. ೮ನೆಯ ವಚನದಲ್ಲಿ ಮನೆಯು ಜೀವಕ್ಕೆ ಹೊಣೆಯಾಗಿದೆ. ೨೧ನೆಯ ವಚನದಲ್ಲಿ ಜೀವವು ಮನೆಯ ಮಾನಕ್ಕೆ ಹೊಣೆಯಾಗಿದೆ. ಈ ವೈರುಧ್ಯವನ್ನು ನಾವು ನೋಡಿದ ಉಪದೇಶಗಳಲ್ಲಿ ಯಾರೂ ಎದುರಿಸಿಲ್ಲ. ಕುಂಬಿಯ ವಿಧಿಯನ್ನು ಬೋಧಿಸುವವರು ಹದಿಮೂರು ವಚನಗಳ ಮುಂದೆ ಹೋಗುವುದಿಲ್ಲ.

ಇದು ಪುಸ್ತಕದೊಳಗಿನ ತೊಡಕು ಮಾತ್ರವಾಗಿದ್ದರೆ ಪಂಡಿತರಿಗೆ ಬಿಡಬಹುದಾಗಿತ್ತು. ಆದರೆ ೨೦೧೭ರ ಜೂನ್ ತಿಂಗಳಲ್ಲಿ, ಅಂದು ಮುದ್ದೇಬಿಹಾಳ ತಾಲ್ಲೂಕಿನಲ್ಲಿದ್ದ ಗುಂಡಕನಾಳದಲ್ಲಿ, ಅನ್ಯಮತದ, ಪರಿಶಿಷ್ಟ ಜಾತಿಯ ತರುಣನನ್ನು ಮದುವೆಯಾದ ಗರ್ಭಿಣಿಯೊಬ್ಬಳನ್ನು ಅವಳ ಮನೆಯವರೇ ಸುಟ್ಟು ಕೊಂದ ಪ್ರಕರಣ ನಡೆಯಿತು. ೨೦೨೧ರ ಜೂನ್ ತಿಂಗಳಲ್ಲಿ, ಹಿಂದೆ ಸಿಂದಗಿ ತಾಲ್ಲೂಕಿಗೆ ಸೇರಿದ್ದ ದೇವರ ಹಿಪ್ಪರಗಿ ಭಾಗದ ಸಲಾದಹಳ್ಳಿಯಲ್ಲಿ, ಪರಸ್ಪರ ಪ್ರೀತಿಸಿದ ಬೇರೆ ಬೇರೆ ಮತದ ಹುಡುಗ ಹುಡುಗಿಯರಿಬ್ಬರೂ ಕೊಲೆಯಾದರು. ಹುಡುಗಿಯ ಮನೆಯವರೇ ಕೊಂದರೆಂದು ಪೊಲೀಸರು ಪ್ರಕರಣ ದಾಖಲಿಸಿದರು. ಇದನ್ನು ಒಂದು ಮತದವರ ದೋಷವೆಂದು ಭಾವಿಸಬಾರದು. ೨೦೧೯ರ ನವೆಂಬರಿನಲ್ಲಿ ಗದಗ ಜಿಲ್ಲೆಯ ಲಕ್ಕಲಕಟ್ಟಿಯಲ್ಲಿ ಬೇರೆ ಜಾತಿಯವನನ್ನು ಮದುವೆಯಾದ ಹೆಣ್ಣನ್ನೂ ಅವಳ ಗಂಡನನ್ನೂ ಅವಳ ಅಣ್ಣತಮ್ಮಂದಿರೇ ಕಲ್ಲಿನಿಂದ ಹೊಡೆದು ಕೊಂದರು. ೨೦೨೫ರ ಜನವರಿಯಲ್ಲಿ ಗದಗಿನ ನ್ಯಾಯಾಲಯವು ನಾಲ್ವರಿಗೆ ಮರಣದಂಡನೆ ವಿಧಿಸಿತು. ಈ ಮನೆಗಳವರಾರೂ ಧರ್ಮೋಪದೇಶಕಾಂಡವನ್ನು ಓದಿ ಕೊಂದವರಲ್ಲ. ಆದರೆ ‘ತಂದೆಯ ಮನೆಯ ಮಾನ’ ಎಂಬ ಆ ವಚನದ ತರ್ಕ ಅವರ ಮನಸ್ಸಿನಲ್ಲಿಯೂ ಇತ್ತು. ಗ್ರಂಥದಲ್ಲಿ ಆ ತರ್ಕಕ್ಕೆ ಸ್ಥಾನವಿರುವಾಗ, ಅದೇ ಗ್ರಂಥದಿಂದ ಜೀವದ ಪಾವಿತ್ರ್ಯವನ್ನು ಬೋಧಿಸುವವನು ಉತ್ತರ ಹೇಳಲೇಬೇಕು.

ಸಾಮಾನ್ಯವಾಗಿ ಎರಡು ಉತ್ತರಗಳು ಕೇಳಿಬರುತ್ತವೆ. ಕ್ರಿಸ್ತನಿಂದ ಹಳೆಯ ನ್ಯಾಯವಿಧಿ ಮುಗಿದುಹೋಯಿತೆಂಬುದು ಒಂದು. ಇದನ್ನು ಒಪ್ಪಿದರೆ ಕಲ್ಲೆಸೆತದೊಡನೆ ಕುಂಬಿಯೂ ಹೋಗುತ್ತದೆ. ಯೋಹಾನನ ೮ನೆಯ ಅಧ್ಯಾಯದಲ್ಲಿ ಯೇಸುವು ಹೆಣ್ಣೊಬ್ಬಳನ್ನು ಕಲ್ಲೆಸೆತದಿಂದ ಬಿಡಿಸಿದ ಕಥೆಯನ್ನು ಹೇಳಿ ಸುಮ್ಮನಾಗುವುದು ಇನ್ನೊಂದು. ಕಥೆ ಉದಾತ್ತವಾದುದು; ಆದರೆ ಅತಿ ಪ್ರಾಚೀನವಾದ ಗ್ರೀಕ್ ಹಸ್ತಪ್ರತಿಗಳಲ್ಲಿ ಅದು ಇಲ್ಲವೆಂಬುದು ಪಾಠವಿಮರ್ಶಕರಿಗೆ ತಿಳಿದ ವಿಷಯ. ಅದೊಂದರ ಮೇಲೆಯೇ ವಾದವನ್ನು ನಿಲ್ಲಿಸುವುದು ಕ್ಷೇಮವಲ್ಲ.

೫

ನಮಗೆ ತೋರುವ ಉತ್ತರ ಬೇರೆ. ಒಂದು ವಿಧಿಯನ್ನು ಹೇಗೆ ಅನ್ವಯಿಸಬೇಕೆಂಬುದನ್ನು ಆ ವಿಧಿಯೊಡನೆ ಶತಮಾನಗಟ್ಟಲೆ ಬಾಳಿದವರ ನಡೆಯಿಂದ ತಿಳಿಯಬೇಕು. ಕುಂಬಿಯ ವಿಧಿ ಮಾಳಿಗೆಯಿಂದ ಬಾವಿಗೆ, ಬಾವಿಯಿಂದ ಎಲ್ಲ ಅಪಾಯಸ್ಥಳಗಳಿಗೆ ವಿಸ್ತಾರವಾಗುತ್ತ ಬಂದುದನ್ನು ಮೇಲೆ ನೋಡಿದೆವು. ಇದಕ್ಕೆ ವಿರುದ್ಧವಾಗಿ ಮರಣದಂಡನೆಯ ವಿಧಿಗಳು ಅದೇ ಪರಂಪರೆಯಲ್ಲಿ ಸಂಕೋಚಗೊಳ್ಳುತ್ತ ಬಂದವು. ಈ ಸಂಕೋಚದ ಬೀಜ ಮೂಲದಲ್ಲಿಯೇ ಇದೆ. ೨೧ನೆಯ ಅಧ್ಯಾಯದಲ್ಲಿ ಅವಿಧೇಯನಾದ ಮಗನನ್ನು ಸಹ ತಂದೆಯು ತಾನೇ ಕೊಲ್ಲುವಂತಿಲ್ಲ. ತಂದೆತಾಯಿಗಳಿಬ್ಬರೂ ಊರಿನ ಹಿರಿಯರ ಮುಂದೆ ತರಬೇಕು. ಮಕ್ಕಳ ಪ್ರಾಣದ ಮೇಲಿನ ಅಧಿಕಾರವನ್ನು ಶಾಸನವು ಮನೆಯಿಂದ ಅಷ್ಟರಮಟ್ಟಿಗೆ ಕಸಿದುಕೊಂಡಿದೆ. ಅರಣ್ಯಕಾಂಡದ ೩೫ನೆಯ ಅಧ್ಯಾಯ ಒಬ್ಬನೇ ಸಾಕ್ಷಿಯ ಮಾತಿನ ಮೇಲೆ ಯಾರನ್ನೂ ಕೊಲ್ಲಬಾರದೆನ್ನುತ್ತದೆ. ಮಿಶ್ನಾದ ಕಾಲಕ್ಕೆ ಬರುವಷ್ಟರಲ್ಲಿ, ಏಳು ವರ್ಷಕ್ಕೊಮ್ಮೆ ಮರಣದಂಡನೆ ವಿಧಿಸುವ ನ್ಯಾಯಸಭೆಯೇ ವಿನಾಶಕ ಸಭೆಯೆಂಬ ಅಭಿಪ್ರಾಯ ಬಂದಿದೆ. ಎಪ್ಪತ್ತು ವರ್ಷಕ್ಕೊಮ್ಮೆ ವಿಧಿಸಿದರೂ ಹಾಗೆಯೇ ಎಂದು ಒಬ್ಬ ಆಚಾರ್ಯನು ಹೇಳಿದ್ದಾನೆ.

ಇದೇ ಮಿಶ್ನಾದ ‘ಸನ್ಹೆದ್ರಿನ್’ ಎಂಬ ಭಾಗದಲ್ಲಿ, ಪ್ರಾಣಾಪರಾಧದ ಸಾಕ್ಷಿಗಳಿಗೆ ಎಚ್ಚರಿಕೆ ಕೊಡುವಾಗ, ಒಂದು ಜೀವವನ್ನು ಅಳಿಸಿದವನು ಒಂದು ಲೋಕವನ್ನೇ ಅಳಿಸಿದಂತೆಂಬ ಪ್ರಸಿದ್ಧ ವಿಚಾರ ಬರುತ್ತದೆ. ಅದರ ಜೊತೆಯಲ್ಲಿಯೇ, ದೇವರು ಆದಿಯಲ್ಲಿ ಒಬ್ಬನೇ ಮನುಷ್ಯನನ್ನು ಸೃಷ್ಟಿಸಿದುದಕ್ಕೆ ಕೊಟ್ಟಿರುವ ಇನ್ನೊಂದು ಕಾರಣ ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯವಾದುದು: ನನ್ನ ತಂದೆ ನಿನ್ನ ತಂದೆಗಿಂತ ದೊಡ್ಡವನೆಂದು ಯಾರೂ ಯಾರಿಗೂ ಹೇಳಬಾರದೆಂದು ಹಾಗೆ ಸೃಷ್ಟಿಸಿದನಂತೆ. ದೇವಸ್ವರೂಪದ ತತ್ತ್ವವು ಇಲ್ಲಿ ಕುಲಾಭಿಮಾನದ ಬೇರಿಗೇ ತಗಲಿದೆ. ತಂದೆಯ ಬಾಗಿಲಿನ ಕಲ್ಲೆಸೆತಕ್ಕೆ ಬೈಬಲ್ಲಿನ ಪರಂಪರೆಯೊಳಗಿಂದಲೇ ಬಂದ ಉತ್ತರವಿದು. ಎಲ್ಲರ ತಂದೆಯೂ ಒಬ್ಬನೇ ಆದಮೇಲೆ, ತಂದೆಯ ಮನೆಯ ಮಾನಕ್ಕಾಗಿ ಇನ್ನೊಂದು ಜೀವವನ್ನು ತೆಗೆಯುವ ವಾದ ನಿಲ್ಲುವುದಿಲ್ಲ.

ನಮ್ಮ ಇಂದಿನ ಇಷ್ಟವನ್ನು ಪ್ರಾಚೀನ ಗ್ರಂಥದ ಮೇಲೆ ಹೇರುತ್ತಿದ್ದೇವೆಂಬ ಆಕ್ಷೇಪ ಇಲ್ಲಿ ಬರಬಹುದು. ಆದರೆ ಮೇಲೆ ಹೇಳಿದ ವಿಸ್ತಾರವೂ ಸಂಕೋಚವೂ ನಮ್ಮ ಕಾಲದವಲ್ಲ. ೨ನೆಯ ಶತಮಾನದಿಂದ ೧೨ನೆಯ ಶತಮಾನದವರೆಗಿನವು. ಜೀವವನ್ನು ಕಾಯುವ ವಿಧಿಯನ್ನು ಹಿಗ್ಗಿಸುವುದು, ಜೀವವನ್ನು ತೆಗೆಯುವ ವಿಧಿಯನ್ನು ಕುಗ್ಗಿಸುವುದು, ಇದೇ ಆ ಪರಂಪರೆಯ ಅನ್ವಯಕ್ರಮ. ಇಂದು ಅನ್ವಯಿಸುವವರು ಆ ಕ್ರಮವನ್ನು ಮುಂದುವರಿಸಿದರೆ ಸಾಕು, ಹೊಸತನ್ನು ಕಲ್ಪಿಸಬೇಕಾಗಿಲ್ಲ.

೬

ಬಸವನ ಬಾಗೇವಾಡಿಯನ್ನು ಈವರೆಗೆ ನಾವು ಹೆಸರಿಸಿದ್ದು ಮಾತ್ರ. ಈ ಸೀಮೆಯನ್ನು ಪ್ರಾಚೀನ ಶಾಸನಗಳು ತರ್ದವಾಡಿ ನಾಡೆಂದು ಕರೆಯುತ್ತವೆ. ೧೨೬೦ರ ಅರ್ಜುನವಾಡ ಶಾಸನವು ಬಸವಣ್ಣನವರನ್ನು ತರ್ದವಾಡಿಯೊಳಗಣ ಬಾಗೇವಾಡಿಯೊಡನೆ ಸೇರಿಸಿ ಹೇಳುತ್ತದೆ. ಮೈಮೋನಿಡೀಸನೂ ಬಸವಣ್ಣನವರೂ ಒಂದೇ ಶತಮಾನದವರು. ಅವರ ನಡುವೆ ಯಾವ ಸಂಬಂಧವನ್ನೂ ಕಲ್ಪಿಸುವ ಉದ್ದೇಶ ನಮಗಿಲ್ಲ. ನಮಗೆ ಬೇಕಾದುದು ಕಲ್ಯಾಣದ ಒಂದು ಘಟನೆಯ ನೆನಪು. ಸಮಗಾರ ಹರಳಯ್ಯನವರ ಮಗನಿಗೆ ಬ್ರಾಹ್ಮಣ ಮೂಲದ ಮಧುವರಸರ ಮಗಳನ್ನು ಕೊಟ್ಟು ಮದುವೆ ಮಾಡಿದಾಗ ಬಿಜ್ಜಳನ ಆಜ್ಞೆಯಂತೆ ಆ ತಂದೆಯರಿಬ್ಬರನ್ನು ಎಳೆಹೂಟೆಯಲ್ಲಿ ಕೊಲ್ಲಲಾಯಿತೆಂದು ಶರಣ ಪರಂಪರೆ ಹೇಳುತ್ತದೆ. ಇದರ ವಿವರಗಳು ನಮಗೆ ಬಂದಿರುವುದು ಬಹುಮಟ್ಟಿಗೆ ತರುವಾಯದ ಕಾವ್ಯಪುರಾಣಗಳಿಂದ. ಆದರೂ ನಾಡಿನ ನೆನಪು ಈ ಕಥೆಯನ್ನು ಯಾವ ರೂಪದಲ್ಲಿ ಕಾಪಾಡಿಕೊಂಡು ಬಂತೆಂಬುದೇ ಇತಿಹಾಸಕಾರನಿಗೆ ಪ್ರಮಾಣ. ಅಲ್ಲಿ ಪೂಜ್ಯರಾದವರು ಮಕ್ಕಳ ಮದುವೆಗಾಗಿ ಪ್ರಾಣಕೊಟ್ಟ ತಂದೆಯರು. ಅದೇ ಬಸವಣ್ಣನವರ ನೆರೆಯ ಊರುಗಳಲ್ಲಿ ಮದುವೆಗಾಗಿ ಮಕ್ಕಳ ಪ್ರಾಣ ಹೋಗುತ್ತಿರುವುದು ನಮ್ಮ ಕಾಲದ ದುರವಸ್ಥೆ.

ಕುರ್‌ಆನಿನ ೫ನೆಯ ಅಧ್ಯಾಯದಲ್ಲಿಯೂ, ಇಸ್ರೇಲಿನ ಸಂತತಿಯವರಿಗೆ ವಿಧಿಸಿದ್ದೆಂಬ ಪೀಠಿಕೆಯೊಡನೆ, ಒಂದು ಜೀವದ ನಾಶ ಸಮಸ್ತ ಮಾನವಕೋಟಿಯ ನಾಶಕ್ಕೆ ಸಮಾನವೆಂಬ ಬೋಧೆಯಿದೆ. ಎಂದಮೇಲೆ ಈ ನಾಲ್ಕು ತಾಲ್ಲೂಕುಗಳ ಯಾವ ಮನೆಯವರೂ ತಮಗೆ ಇದು ತಿಳಿದಿರಲಿಲ್ಲವೆನ್ನುವಂತಿಲ್ಲ. ಬೈಬಲ್ಲನ್ನು ಕಾಣದ ಮನೆಯಲ್ಲಿಯೂ ಆ ಮನೆಯ ಸ್ವಂತ ಧರ್ಮದಲ್ಲಿ ಕುಂಬಿಯಿದೆ.

ಇನ್ನು ಊರಿನ ಹೊಣೆ. ಧರ್ಮೋಪದೇಶಕಾಂಡದ ೨೧ನೆಯ ಅಧ್ಯಾಯದ ಆರಂಭದಲ್ಲಿ ವಿಚಿತ್ರವಾದೊಂದು ವಿಧಿಯಿದೆ. ಹೊಲದಲ್ಲಿ ಹೆಣ ಸಿಕ್ಕಿ ಕೊಂದವನು ಯಾರೆಂದು ತಿಳಿಯದಿದ್ದರೆ ಹಿರಿಯರು ಬಂದು ಸುತ್ತಣ ಊರುಗಳ ದೂರವನ್ನು ಅಳೆಯಬೇಕು; ಅತಿ ಸಮೀಪದ ಊರಿನ ಹಿರಿಯರು ಕಡಸನ್ನು ಒಪ್ಪಿಸಿ, ಕೈತೊಳೆದು, ತಾವು ನಿರಪರಾಧಿಗಳೆಂದು ಹೇಳಬೇಕು. ಹಿರಿಯರೇ ಕೊಂದರೆಂದು ಯಾರು ತಾನೆ ಶಂಕಿಸಿದರು, ಅವರೇಕೆ ಹೀಗೆ ಹೇಳಬೇಕು ಎಂದು ಮಿಶ್ನಾ ಪ್ರಶ್ನಿಸುತ್ತದೆ. ಅದೇ ಕೊಡುವ ವಿವರಣೆ ಹೀಗಿದೆ: ಸತ್ತವನು ನಮ್ಮ ಬಳಿಗೆ ಬಂದಾಗ ನಾವು ಅನ್ನವಿಲ್ಲದೆ ಕಳಿಸಲಿಲ್ಲ, ಕಂಡಾಗ ಬೆಂಗಾವಲಿಲ್ಲದೆ ಬಿಡಲಿಲ್ಲ ಎಂಬುದೇ ಆ ಪ್ರಮಾಣದ ಅರ್ಥ. ಸಂರಕ್ಷಣೆ ಕೇಳಿ ಬಂದವನಿಗೆ ಬೆಂಗಾವಲು ಕೊಡದ ಊರು ಕೈತೊಳೆದುಕೊಳ್ಳುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು ೨೦೧೮ರ ಮಾರ್ಚ್ ೨೭ರಂದು ಶಕ್ತಿ ವಾಹಿನಿ ಪ್ರಕರಣದಲ್ಲಿ, ಮನೆಯವರ ಬೆದರಿಕೆಗೆ ಒಳಗಾದ ದಂಪತಿಗಳಿಗೆ ಜಿಲ್ಲೆಗಳಲ್ಲಿ ಸುರಕ್ಷಿತ ನಿವಾಸವನ್ನೂ, ದೂರು ಸ್ವೀಕರಿಸಲು ವಿಶೇಷ ಘಟಕವನ್ನೂ ಏರ್ಪಡಿಸಬೇಕೆಂದು ನಿರ್ದೇಶಿಸಿದುದು ಈ ಬೆಂಗಾವಲಿನ ವಿಧಿಯೇ. ಧರ್ಮೋಪದೇಶಕಾಂಡದ ೧೯ನೆಯ ಅಧ್ಯಾಯ ಆಶ್ರಯನಗರಗಳನ್ನು ಗೊತ್ತುಮಾಡುವಾಗ ಅಲ್ಲಿಗೆ ಹೋಗುವ ದಾರಿಯನ್ನೂ ಸಿದ್ಧಪಡಿಸಿಡಬೇಕೆಂದು ಹೇಳುತ್ತದೆ. ಆಶ್ರಯವೊಂದಿದೆ ಎಂದು ಕಡತದಲ್ಲಿ ಬರೆದಿಟ್ಟರೆ ಸಾಲದು. ಸಿಂದಗಿಯ ಹಳ್ಳಿಯೊಂದರಿಂದ ರಾತ್ರಿಯಲ್ಲಿ ಹೊರಟ ಹುಡುಗಿಗೆ ಅಲ್ಲಿಗೆ ಹೋಗುವ ದಾರಿ ತಿಳಿದಿರಬೇಕು.

೭

ನಮ್ಮ ವಿಚಾರವನ್ನು ಹೀಗೆ ಸಂಗ್ರಹಿಸಬಹುದು. ಮಾನವಜೀವದ ಪಾವಿತ್ರ್ಯವೆಂಬುದು ಬೈಬಲ್ಲಿನಲ್ಲಿ ಕೊಲ್ಲಬಾರದೆಂಬ ನಿಷೇಧದಲ್ಲಿ ಮುಗಿಯುವುದಿಲ್ಲ. ಸಾವಿಗೆ ಮುಂಚೆ ಮಾಡಬೇಕಾದ ಕೆಲಸದಲ್ಲಿ ಅದು ನೆಲೆಗೊಂಡಿದೆ. ಆ ಕೆಲಸದ ಹೊಣೆ ಮನೆಯದು, ಅನಂತರ ಊರಿನದು. ಅದೇ ಗ್ರಂಥದಲ್ಲಿ ಮನೆಯ ಮಾನಕ್ಕೆ ಜೀವವನ್ನು ಒಪ್ಪಿಸುವ ವಿಧಿಯೂ ಇದೆಯೆಂಬುದನ್ನು ಮುಚ್ಚಿಡುವುದು ವಿಮರ್ಶಕನ ಧರ್ಮವಲ್ಲ. ಆದರೆ ಆ ಎರಡರಲ್ಲಿ ಬೆಳೆದು ಬಂದುದು ಯಾವುದು, ಬತ್ತಿಹೋದುದು ಯಾವುದು ಎಂಬುದನ್ನು ಇತಿಹಾಸ ತೋರಿಸಿಕೊಟ್ಟಿದೆ.

ಲಚ್ಯಾಣದ ಬಾವಿಯ ಬಾಯಲ್ಲಿ ಒಂದು ರಾತ್ರಿ ನೂರಾರು ಜನ ಜಾತಿಮತಗಳನ್ನು ವಿಚಾರಿಸದೆ ನಿದ್ದೆಗೆಟ್ಟು ನಿಂತರು. ಗುಂಡಕನಾಳದ ಹೆಣ್ಣಿನ ಗರ್ಭದಲ್ಲಿಯೂ ಒಂದು ಮಗುವಿತ್ತು. ಎರಡೂ ಊರುಗಳ ಜನ ಒಂದೇ ಸ್ವಭಾವದವರು. ಒಂದೇ ಜಿಲ್ಲೆಯ ಒಕ್ಕಲು ಮಕ್ಕಳು. ಬಿದ್ದ ಮಗುವಿಗೆ ಸೇರಿದ ಕೈಗಳು ಬೀಳಲಿರುವ ಮಗಳಿಗೆ ಏಕೆ ಸೇರುವುದಿಲ್ಲವೆಂಬುದೇ ಈ ಬೋಧೆಯ ಇಂದಿನ ಅನ್ವಯದ ಪ್ರಶ್ನೆ. ಉಪದೇಶಕರು, ಅಧ್ಯಾಪಕರು, ಪಂಚಾಯತಿಯ ಹಿರಿಯರು ಎಲ್ಲರೂ ಇದಕ್ಕೆ ಉತ್ತರಿಸಬೇಕಾದವರು. ಮುಚ್ಚಬೇಕಾದ ಗುಂಡಿಗಳು ಹೊಲದಲ್ಲಿಯೂ ಇವೆ, ಮನೆಯೊಳಗೂ ಇವೆ. ಕಂಡೂ ಹಾದುಹೋದವರ ಸಾಲಿನಲ್ಲಿ ನಾವೂ ಇದ್ದೇವೆಂದು ಒಪ್ಪಿಕೊಂಡು ಈ ಲೇಖನವನ್ನು ಮುಗಿಸುತ್ತೇವೆ.